ಇಂಗ್ಲೆಂಡಿನ ಕುದುರೆ ಮೈದಾನದಲ್ಲಿ ಕದಲದೆ ನಿಂತದ್ದು

ವಿಲಾಯತಿಗೆ ಹೋಗಿ ಬಂದವನನ್ನು ನಮ್ಮ ಕಡೆಯವರು ಕೇಳುವ ಪ್ರಶ್ನೆಗಳು ಎಲ್ಲರಿಗೂ ಗೊತ್ತಿರುವಂಥವೇ. ಅಲ್ಲಿ ಚಳಿ ಹೇಗೆ, ಹೊಟ್ಟೆಗೆ ಏನು ಮಾಡಿದೆ, ದೊರೆಗಳ ಅರಮನೆ ಎಷ್ಟು ದೊಡ್ಡದು. ನಿನಗೆ ಅಲ್ಲಿ ಸಿಟ್ಟು ಬಂತೇ ಎಂದು ಯಾರೂ ಕೇಳುವುದಿಲ್ಲ. ನನಗೆ ಬಂತು. ಹಡಗಿನಿಂದ ಇಳಿದ ದಿನವೇ ಬಂತು, ಹಡಗು ಹತ್ತುವ ದಿನವೂ ಇತ್ತು, ಇದನ್ನು ಬರೆಯುತ್ತಿರುವಾಗಲೂ ಇದೆ. ಆದ್ದರಿಂದ ಅದನ್ನೇ ಬರೆಯುತ್ತೇನೆ. ಅರಮನೆಯ ವರ್ಣನೆ ಬೇಕಾದವರು ಅದನ್ನು ನೋಡಿದವರನ್ನು ಕೇಳಿಕೊಳ್ಳಲಿ.

ನಾನು ಕೂಟಗಲ್ಲಿನವನು. ಮಹಾರಾಜರ ಸರ್ಕಾರದ ರೇಷ್ಮೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು, ಕಚೇರಿ ಚನ್ನಪಟ್ಟಣದಲ್ಲಿ. ಕಚೇರಿ ಎಂದರೆ ಹೆಸರಿಗೆ. ನನ್ನ ಕೆಲಸವೆಲ್ಲ ಕುದುರೆಯ ಮೇಲೆ. ಸೋಲೂರಿನಿಂದ ಮಾಗಡಿ, ಮಾಗಡಿಯಿಂದ ರಾಮಗಿರಿ ಬೆಟ್ಟದ ಬುಡದ ಕ್ಲೋಸ್‌ಪೇಟೆ, ಅಲ್ಲಿಂದ ಕನಕಪುರದಾಚೆಯ ಕಾಡಂಚಿನವರೆಗೆ ಹಿಪ್ಪುನೇರಳೆ ಹಾಕಿದ ಹಳ್ಳಿಗಳನ್ನೆಲ್ಲ ಸುತ್ತಬೇಕು. ಬಂಡೆಗಳ ನಡುವೆ, ಹಳ್ಳದ ಮರಳಿನಲ್ಲಿ, ಕುರುಚಲು ಮುಳ್ಳಿನಲ್ಲಿ ಕುದುರೆ ಓಡಿಸಿದವನಿಗೆ ಸವಾರಿಯಲ್ಲಿ ಕಲಿಯುವುದು ಬಾಕಿ ಇಲ್ಲ ಎಂಬ ನಂಬಿಕೆ ನನಗಿತ್ತು.

ಇಂಗ್ಲೆಂಡಿನ ಒಂದು ಗಿರಣಿ ಊರಿನಲ್ಲಿ ರೇಷ್ಮೆ ನೂಲನ್ನು ಹುರಿ ಹಾಕುವ ಯಂತ್ರಗಳನ್ನು ನೋಡಿ ಕಲಿತು ಬಾ ಎಂದು ಸರ್ಕಾರ ನನ್ನನ್ನು ಕಳಿಸಿತು. ನನ್ನ ಜೊತೆಗೆ ಚಿಕ್ಕೀರಯ್ಯ ಹೊರಟ. ಕನಕಪುರದಲ್ಲಿ ಗೂಡು ಬಿಚ್ಚಿ ನೂಲು ತೆಗೆಯುವ ದೊಡ್ಡ ಮನೆ ಅವನದು. ಚನ್ನಪಟ್ಟಣದ ಸ್ಕೂಲಿನಲ್ಲಿ ನನ್ನ ಪಕ್ಕದಲ್ಲಿ ಕೂತವನು. ಇಂಗ್ಲಿಷು ಬಾರದು, ಮೀಸೆ ಮಾತ್ರ ಭರ್ಜರಿ.

ಬಂದರು

ಸುಂಕದ ಕಟ್ಟೆಯಲ್ಲಿ ಒಬ್ಬ ಕೆಂಪು ಮುಖದ ಅಧಿಕಾರಿ ನನ್ನ ಪೆಟ್ಟಿಗೆಯಿಂದ ವಿಭೂತಿ ಗಟ್ಟಿಯನ್ನು ತೆಗೆದು, ಮೂಸಿ, ಉಗುರಿನಲ್ಲಿ ಕೆರೆದು, ನಾಲಗೆಗೆ ಹಚ್ಚಿ ನೋಡಿದ. ಆಮೇಲೆ ಕರವಸ್ತ್ರದಲ್ಲಿ ಉಗುಳಿದ. ಅಷ್ಟಕ್ಕೆ ನಗು ಬರುತ್ತಿತ್ತೋ ಏನೋ. ಆದರೆ ಅವನು ಚಿಕ್ಕೀರಯ್ಯನ ಕೊರಳಿನ ಬೆಳ್ಳಿ ಕರಡಿಗೆಯತ್ತ ಬೆರಳು ಮಾಡಿ, “ಇದರೊಳಗೆ ಏನು? ತೆಗೆಯಲು ಹೇಳು” ಎಂದ.

“ದೇವರು,” ಎಂದೆ ನಾನು.

“ದೇವರಾದರೂ ತೆಗೆದು ತೋರಿಸಬೇಕು.”

ಚಿಕ್ಕೀರಯ್ಯನಿಗೆ ಮಾತು ತಿಳಿಯದಿದ್ದರೂ ಬೆರಳು ತಿಳಿಯಿತು. ಲಿಂಗದ ಮೇಲೆ ಎರಡೂ ಕೈ ಮುಚ್ಚಿಕೊಂಡ. “ಮುಟ್ಬ್ಯಾಡ ಅನ್ಲಾ ಅವ್ನಿಗೆ. ಮುಟ್ಟುದ್ರೆ ಅವ್ನೂ ನಾನೂ ಇಬ್ರೂ ಸಮುದ್ರದಾಗಿರ್ತೀವಿ!”

ಅವನ ದನಿ ಕೇಳಿ ಹಿಂದಿನ ಸಾಲಿನ ಹೆಂಗಸೊಬ್ಬಳು ಪೆಟ್ಟಿಗೆ ಬೀಳಿಸಿಕೊಂಡಳು. ಅಧಿಕಾರಿ ಒಂದು ಗಳಿಗೆ ನೋಡಿ, ಕೈ ಬೀಸಿ ನಮ್ಮನ್ನು ಕಳಿಸಿದ. ಕಳಿಸುವಾಗ “ಸಾರಿ” ಅಂದ. ಆ ದೇಶದಲ್ಲಿ ಈ ಮಾತು ನಮ್ಮ ಕಡೆ ನೀರು ಕೊಟ್ಟಷ್ಟು ಸಲೀಸು. ಕಾಲು ತುಳಿದವರೂ ಹೇಳುತ್ತಾರೆ, ತುಳಿಸಿಕೊಂಡವರೂ ಹೇಳುತ್ತಾರೆ. ಹೇಳಲೇಬೇಕಾದ ಜಾಗದಲ್ಲಿ ಮಾತ್ರ ಹೇಳುವುದಿಲ್ಲ. ಅದು ಆಮೇಲೆ ಗೊತ್ತಾಯಿತು.

ಗಿರಣಿ ಊರು

ಊರಿಗೆ ಊರೇ ಹೊಗೆಯ ಬಣ್ಣ. ನಮ್ಮ ರಾಮಗಿರಿ ಬೆಟ್ಟದಂಥ ಒಂದು ಬಂಡೆಯೂ ಕಣ್ಣಿಗೆ ಬೀಳದೆ ಚಿಕ್ಕೀರಯ್ಯನಿಗೆ ದಿಕ್ಕೇ ತಪ್ಪುತ್ತಿತ್ತು. ನಮಗೆ ಕೋಣೆ ಕೊಟ್ಟ ಮುದುಕಿ ಒಳ್ಳೆಯವಳು. ಮಾಂಸ ತಿನ್ನುವುದಿಲ್ಲ ಎಂದದ್ದಕ್ಕೆ ಅಯ್ಯೋ ಎಂದು ಮರುಗಿ, ನಮಗೆ ಕಾಯಿಲೆಯೆಂದು ತಿಳಿದು, ದಿನವೂ ಎಲೆಕೋಸನ್ನು ಅದರ ಪ್ರಾಣ ಹೋಗುವ ತನಕ ಬೇಯಿಸಿ ಕೊಟ್ಟಳು. ಚಿಕ್ಕೀರಯ್ಯ ಊರಿನಿಂದ ತಂದ ಹುರಿಹಿಟ್ಟಿನಲ್ಲಿ ಜೀವ ಹಿಡಿದ.

ಗಿರಣಿಯ ಒಬ್ಬ ಪಾಲುದಾರಳು ಮಿಸೆಸ್ ಪಾರ್ಲೋ ಎಂಬ ವಿಧವೆ. ಅರವತ್ತರ ಆಸುಪಾಸು. ಸೊಂಟದ ಮೂಳೆ ಮುರಿದು ಕೂಡಿಕೊಂಡಿದ್ದರಿಂದ ಕೋಲು ಊರಿ ನಡೆಯುತ್ತಿದ್ದಳು. ನಾನು ಕುದುರೆಯ ಮೇಲೆ ಹಳ್ಳಿ ಸುತ್ತುವವನು ಎಂದು ತಿಳಿದದ್ದೇ ತಡ, ನೂಲಿನ ಮಾತು ಬಿಟ್ಟು ನನ್ನನ್ನು ಮನೆಗೆ ಕರೆದೊಯ್ದಳು. ಹಿತ್ತಲಿನ ಲಾಯದಲ್ಲಿ ಹೇಜಲ್ ಇತ್ತು.

ಕಂದು ಮೈಯ ಹೆಣ್ಣು ಕುದುರೆ. ವಯಸ್ಸಾಗಿತ್ತು, ಆದರೆ ಕಣ್ಣಿನಲ್ಲಿ ಇನ್ನೂ ಏನನ್ನೋ ಕಾಯುವ ಚುರುಕು. ಮಿಸೆಸ್ ಪಾರ್ಲೋ ಅದನ್ನು ಮರಿಯಾಗಿದ್ದಾಗಿನಿಂದ ತಾನೇ ಪಳಗಿಸಿದ್ದಳು. ಡ್ರೆಸ್ಸಾಜ್ ಎಂಬ ಸವಾರಿಯ ವಿದ್ಯೆ ಅದು. ಚೌಕಾಕಾರದ ಮೈದಾನದೊಳಗೆ, ಗೊತ್ತುಪಡಿಸಿದ ಜಾಗದಲ್ಲಿ ಗೊತ್ತುಪಡಿಸಿದ ನಡೆಯನ್ನು ಕುದುರೆಯಿಂದ ನಡೆಸಬೇಕು; ಸವಾರ ಏನು ಹೇಳಿದನೆಂಬುದು ನೋಡುವವರಿಗೆ ಕಾಣಬಾರದು. ಊರಿನ ಸವಾರರ ಕ್ಲಬ್ಬಿನಲ್ಲಿ ಹವ್ಯಾಸಿಗಳಿಗೆಂದು ಪಂದ್ಯವಿತ್ತು. ಅದಕ್ಕೆ ಹೇಜಲ್ ಸಿದ್ಧವಾದ ವರ್ಷವೇ ಇವಳ ಸೊಂಟ ಮುರಿಯಿತು.

“ಅದಕ್ಕೆ ಇನ್ನು ಹೆಚ್ಚು ವರ್ಷಗಳಿಲ್ಲ. ಒಂದು ಸಲ ಅದು ಮಾಡುವುದನ್ನು ನಾನು ಹೊರಗೆ ನಿಂತು ನೋಡಬೇಕು,” ಎಂದಳು. “ನೀವು ಹತ್ತುತ್ತೀರಾ?”

ಹತ್ತಿದೆ.

ಹೇಜಲ್

ಮೊದಲ ದಿನ ಹೇಜಲ್ ಒಂದು ಸುತ್ತೂ ನೆಟ್ಟಗೆ ಬರಲಿಲ್ಲ. ನಾನು ಎಳೆದರೆ ಅದೂ ಎಳೆಯಿತು, ಹಿಮ್ಮಡಿ ಒತ್ತಿದರೆ ಬಾಲ ಬೀಸಿತು. ಮಿಸೆಸ್ ಪಾರ್ಲೋ ಹುಲ್ಲಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತು, “ಕೈ! ಕೈ!” ಎಂದು ಕೂಗುತ್ತಿದ್ದಳು. “ಒಮ್ಮೆ ಹೇಳಿ, ಬಿಟ್ಟುಬಿಡಿ. ಅದು ಕಿವುಡಲ್ಲ!”

ನಾನು ಇಷ್ಟು ವರ್ಷ ಕುದುರೆ ಹತ್ತಿದ್ದು ಊರು ಸೇರುವುದಕ್ಕೆ. ಕತ್ತಲಾಗುವುದರೊಳಗೆ ಮಾಗಡಿ ಮುಟ್ಟಬೇಕು ಎಂಬವನಿಗೆ ಕುದುರೆಯ ಹೆಜ್ಜೆಯ ಮೇಲೆ ಗಮನ ಎಲ್ಲಿಂದ ಬರಬೇಕು? ಇಲ್ಲಿ ಸೇರಬೇಕಾದ ಊರೇ ಇಲ್ಲ. ಇರುವುದು ಈ ಹೆಜ್ಜೆ, ಇದರ ಮುಂದಿನ ಹೆಜ್ಜೆ. ನಾನು ಉಸಿರು ಹಿಡಿದರೆ ಹೇಜಲ್ ನಿಧಾನಿಸುತ್ತಿತ್ತು. ಎಡಕ್ಕೆ ನೋಡಿದರೆ ಸಾಕು, ಎಡಕ್ಕೆ ಬಾಗುತ್ತಿತ್ತು. ಎಲ್ಲಕ್ಕಿಂತ ಕಷ್ಟದ್ದು ಓಟವಲ್ಲ, ನಿಲ್ಲುವುದು. ನಾಲ್ಕು ಕಾಲನ್ನೂ ಚಚ್ಚೌಕವಾಗಿ ಊರಿ, ಕಿವಿಯೊಂದನ್ನು ನನ್ನ ಕಡೆ ಇಟ್ಟು, ಮುಂದಿನ ಮಾತಿಗೆ ಕಾಯುತ್ತ ಅಲ್ಲಾಡದೆ ನಿಲ್ಲುವುದು. ಅದು ಕೈಗೂಡಿದ ದಿನ ನನಗೆ ಕಣ್ಣು ತುಂಬಿ ಬಂತು.

ಚಿಕ್ಕೀರಯ್ಯ ಬೇಲಿಗೆ ಒರಗಿ ನೋಡುತ್ತಿದ್ದ. “ಇದೇನ್ಲಾ ಇದು? ಕುದ್ರೆ ಹತ್ತಿ ಎಲ್ಲಿಗೂ ಹೋಗ್ದೆ ಇಲ್ಲೇ ಸುತ್ತೋದು? ಗಾಣದೆತ್ತು ಸುತ್ತುದ್ರೆ ಒಸಿ ಎಣ್ಣೇನಾದ್ರೂ ಬತ್ತದೆ.” ಹಾಗೆನ್ನುತ್ತಲೇ ಒಂದು ದಿನವೂ ತಪ್ಪಿಸಿಕೊಳ್ಳದೆ ಬಂದ. ಕೊನೆಕೊನೆಗೆ, “ಇವತ್ತು ನಿನ್ನ ಎಡಗಾಲು ಸರಿ ಇರ್ಲಿಲ್ಲ,” ಎಂದು ತಪ್ಪು ಹಿಡಿಯುವಷ್ಟಾಗಿದ್ದ.

ಪಂದ್ಯಕ್ಕೆ ಮುಂಚೆ ಕ್ಲಬ್ಬಿನ ಕಾರ್ಯದರ್ಶಿ ಬಂದು ನೋಡಿಕೊಂಡು ಹೋದ. ನಿವೃತ್ತ ಮೇಜರು, ಬೆಂಗಳೂರು ದಂಡಿನಲ್ಲಿ ಕೆಲವು ವರ್ಷ ಇದ್ದವನು. ನನ್ನನ್ನು ಕಂಡಕೂಡಲೇ ಇಂಗ್ಲಿಷು ಬಿಟ್ಟು, “ಅಚ್ಛಾ, ಬಹುತ್ ಅಚ್ಛಾ!” ಎಂದು ಶುರುಮಾಡಿದ. ಪಂದ್ಯದ ಕೊನೆಯಲ್ಲಿ ಸವಾರ ಟೋಪಿ ತೆಗೆದು ತೀರ್ಪುಗಾರನಿಗೆ ವಂದಿಸಬೇಕೆಂಬ ನಿಯಮವಿತ್ತು. ನಾನು ಮೈಸೂರು ಪೇಟ ಕಟ್ಟುವವನು. ಪೇಟವನ್ನು ನಾವು ಇನ್ನೊಬ್ಬರ ಮುಂದೆ ತೆಗೆಯುವುದು ಮಾನ ಹೋದಾಗ, ಇಲ್ಲವೇ ಹೆಣದ ಮುಂದೆ. ಅದನ್ನು ಮೇಜರಿಗೆ ಇಂಗ್ಲಿಷಿನಲ್ಲೇ ಹೇಳಿದೆ.

“ಬೇಡ ಬೇಡ, ತೆಗೆಯಬೇಡ. ಜನಕ್ಕೆ ನೋಡಲು ಚೆಂದವಾಗಿರುತ್ತದೆ,” ಎಂದ.

ಚೆಂದ! ನನ್ನ ತಲೆಯ ಮೇಲಿನದು ಅವನಿಗೆ ತೇರಿನ ಬಾವುಟ. ಆದರೂ ಹೇಜಲಿಗೋಸ್ಕರ ನುಂಗಿಕೊಂಡೆ.

ಮೈದಾನ

ಸಣ್ಣಗೆ ಜಿನುಗುವ ಮಳೆ. ಅಲ್ಲಿನವರಿಗೆ ಅದು ಮಳೆಯೇ ಅಲ್ಲ. ಕೊಡೆ ಹಿಡಿದು ಚಹಾ ಕುಡಿಯುತ್ತ ಸುತ್ತ ನಿಂತಿದ್ದರು. ಬಿಳಿ ಬೇಲಿಯ ಒಳಗೆ ಹಸಿರು ಹುಲ್ಲು, ಎದುರು ತುದಿಯಲ್ಲಿ ಮೇಜು ಹಾಕಿಕೊಂಡು ಕೂತ ತೀರ್ಪುಗಾರ. ಅವನು ಇಂಗ್ಲಿಷರವನಲ್ಲ, ಯೂರೋಪಿನ ಇನ್ನಾವುದೋ ದೇಶದ ಮುದುಕ. ಕತ್ತು ನೆಟ್ಟಗೆ, ಮುಖದಲ್ಲಿ ನಗುವಿಲ್ಲ.

ಗಂಟೆ ಬಾರಿಸಿದರು. ನಾನು ಹೇಜಲನ್ನು ಕುಕ್ಕುಲೋಟದಲ್ಲಿ ಬಾಗಿಲಿನೊಳಕ್ಕೆ ತಿರುಗಿಸಿದೆ. ಅದೇ ಹೊತ್ತಿಗೆ ಮೇಜರು ತುತ್ತೂರಿಯಂಥ ಕೊಳವೆಗೆ ಬಾಯಿ ಹಚ್ಚಿ ಕೂಗಿದ:

“ಮಿಸೆಸ್ ಪಾರ್ಲೋ ಅವರ ಹೇಜಲ್. ಸವಾರಿ, ಅವರ ಇಂಡಿಯಾದ ಲಾಯದಾಳು!”

ಲಾಯದ ಕೆಲಸ ಕೀಳು ಎಂದು ನಾನು ಹೇಳುತ್ತಿಲ್ಲ. ಕುದುರೆಯ ಮೈ ಉಜ್ಜಿದ್ದೇನೆ, ಲದ್ದಿ ಬಾಚಿದ್ದೇನೆ. ಆದರೆ ನಾನು ಆ ಹೆಂಗಸಿನ ಆಳಲ್ಲ. ಅವಳ ಕೂಲಿ ಉಂಡವನಲ್ಲ. ನನಗಿಂತ ಮುಂಚೆ ಹೋದ ಪ್ರತಿಯೊಬ್ಬರಿಗೂ ಹೆಸರಿತ್ತು. ವಕೀಲ, ಡಾಕ್ಟರ, ಯಾರದೋ ಮಗಳು. ನನಗೆ ಹೆಸರೂ ಇಲ್ಲ. ಇದು ಮೇಜರು ತಾನೇ ಹುಟ್ಟಿಸಿದ ಮಾತೋ, ಯಾರಾದರೂ ಹೇಳಿಕೊಟ್ಟದ್ದೋ? ಕುದುರೆಯ ಮೇಲೆ ಹೋಗುತ್ತಲೇ ಬೇಲಿಯ ಕಡೆ ನೋಡಿದೆ. ಮಿಸೆಸ್ ಪಾರ್ಲೋ ತಲೆ ತಗ್ಗಿಸಿ ಕೋಲಿನ ತುದಿ ನೋಡುತ್ತಿದ್ದಳು. ತಿಳಿದುಹೋಯಿತು.

ಸಿಟ್ಟಿಗೆ ಲಗಾಮು ಬಿಗಿಹಿಡಿದೆ. ಹಲ್ಲು ಕಚ್ಚಿದೆ. ಅದೆಲ್ಲ ಹೇಜಲಿಗೆ ಹೋಯಿತು. ಮೊದಲ ತಿರುವಿನಲ್ಲೇ ಕತ್ತು ಎತ್ತಿ ಲಗಾಮಿನ ಮೇಲೆ ಬಿತ್ತು, ಎರಡನೆಯದರಲ್ಲಿ ಹೆಜ್ಜೆ ತಪ್ಪಿ ಹೇಳದೆಯೇ ದೌಡಿಗೆ ಹೊರಟಿತು. ಜನರ ಕಡೆಯಿಂದ ಅಯ್ಯೋ ಪಾಪ ಎನ್ನುವ ಸದ್ದು ಬಂತು. ಹೇಜಲ್ ಕಿವಿಗಳೆರಡನ್ನೂ ಹಿಂದಕ್ಕೆ ಮಲಗಿಸಿ, ನಾನು ಏನು ಕೇಳುತ್ತಿದ್ದೇನೆಂದು ತಿಳಿಯದೆ ನಡುಗುತ್ತಿತ್ತು. ಅದಕ್ಕೆ ಈ ಸುಳ್ಳಿನಲ್ಲಿ ಪಾಲಿರಲಿಲ್ಲ.

ಬೆರಳು ಸಡಿಲ ಮಾಡಿದೆ. ಸಿಟ್ಟು ಹೋಗಲಿಲ್ಲ, ಅದನ್ನು ಬೆನ್ನುಮೂಳೆಯಲ್ಲೇ ನಿಲ್ಲಿಸಿ ಕೈಗೆ ಇಳಿಯಗೊಡದೆ ಕೂತೆ. ಒಂದು ಸುತ್ತು, ಇನ್ನೊಂದು ಸುತ್ತು. ಹೇಜಲ್ ಬುಸ್ಸೆಂದು ಉಸಿರು ಬಿಟ್ಟು ಕತ್ತು ಬಾಗಿಸಿತು. ಆಮೇಲಿನದನ್ನು ಹೇಗೆ ಬರೆಯಲಿ? ಅಂಥ ಸವಾರಿ ನಾನು ಹಿಂದೆ ಮಾಡಿರಲಿಲ್ಲ, ಮುಂದೆಯೂ ಮಾಡಿಲ್ಲ. ನಾನು ನೆನೆದದ್ದನ್ನು ಅದು ನಡೆಯಿತು. ಕೊನೆಗೆ ನಡುಗೆರೆಯ ಮೇಲೆ ಬಂದು, ಮೈದಾನದ ನಟ್ಟನಡುವೆ, ನಾಲ್ಕು ಕಾಲೂರಿ ಕಂಬದಂತೆ ನಿಂತಿತು. ನಾನು ಬಲಗೈಯನ್ನು ಎದೆಗೆ ಒತ್ತಿ, ಪೇಟ ಕಟ್ಟಿದ ತಲೆ ಬಾಗಿಸಿ ತೀರ್ಪುಗಾರನಿಗೆ ವಂದಿಸಿದೆ. ಅವನು ಎದ್ದು ತನ್ನ ಟೋಪಿ ತೆಗೆದ.

ಚಪ್ಪಾಳೆ ಬಿತ್ತು. ಮೇಜರು ಮತ್ತೆ ಕೊಳವೆ ಎತ್ತಿದ: “ಶಾಬಾಶ್! ಮಿಸೆಸ್ ಪಾರ್ಲೋ ಅವರ ಲಾಯದಾಳು!”

ನಾನು ಹೊರಗೆ ಹೋಗಬೇಕಿತ್ತು. ಹೋಗಲಿಲ್ಲ.

“ನಡಿ, ನಡಿ,” ಎಂದು ಮೇಜರು ಕೈ ಬೀಸಿದ.

ಮೈದಾನಕ್ಕೆಲ್ಲ ಕೇಳುವಂತೆ ಹೇಳಿದೆ: “ನಾನು ಯಾರ ಆಳೂ ಅಲ್ಲ. ಮೈಸೂರು ಸರ್ಕಾರದ ನೌಕರ. ಮಿಸೆಸ್ ಪಾರ್ಲೋ ಅವರ ಅತಿಥಿಯಾಗಿ ಈ ಕುದುರೆ ಹತ್ತಿದ್ದೇನೆ. ನನ್ನ ಹೆಸರು ಕೂಟಗಲ್ ರುದ್ರಲಿಂಗಯ್ಯ. ಅದನ್ನು ಆ ಕೊಳವೆಯಲ್ಲಿ ನೀವು ಹೇಳಿ. ಆಮೇಲೆ ಹೋಗುತ್ತೇನೆ.”

ಯಾರೂ ಬೈಯಲಿಲ್ಲ. ಆ ದೇಶದವರು ಬೈಯುವುದಿಲ್ಲ, ಕೆಮ್ಮುತ್ತಾರೆ. ಬೇಲಿಯ ಸುತ್ತ ಕೆಮ್ಮು ಎದ್ದಿತು. ಮುಂದಿನ ಸವಾರ ಬಾಗಿಲಲ್ಲಿ ಬಂದು ನಿಂತ. ಮೇಜರು ಮುಖ ಕೆಂಪು ಮಾಡಿಕೊಂಡು ಏನೇನೋ ಕೂಗಿದ. ಹೇಜಲ್ ಒಂದು ಕಿವಿಯನ್ನು ನನ್ನ ಕಡೆ ಇಟ್ಟು, ಅಲ್ಲಾಡದೆ ನಿಂತೇ ಇತ್ತು.

ಆಗ ಬೇಲಿಯ ಆ ಬದಿಯಿಂದ ಚಿಕ್ಕೀರಯ್ಯನ ದನಿ ಬಂತು. ಅವನಿಗೆ ಮಾತೊಂದೂ ತಿಳಿದಿರಲಿಲ್ಲ, ಸಂಗತಿ ಪೂರಾ ತಿಳಿದಿತ್ತು. “ಕದಲ್ಬ್ಯಾಡ ಕಣ್ಲಾ! ಅಲ್ಲೇ ನಿಂತ್ಕೋ! ಅದೆಷ್ಟೊತ್ತು ಕೆಮ್ತಾರೋ ಕೆಮ್ಮ್ಲಿ!”

ಮಿಸೆಸ್ ಪಾರ್ಲೋ ಕೋಲೂರಿಕೊಂಡು ಒದ್ದೆ ಹುಲ್ಲಿನ ಮೇಲೆ ಕುಂಟುತ್ತ ಬಂದಳು. ಅವಳು ಕೊಳವೆಯ ಕಡೆ ಹೋಗುತ್ತಾಳೆಂದುಕೊಂಡೆ. ಬಂದದ್ದು ನನ್ನ ಕಡೆಗೆ. “ದಯವಿಟ್ಟು,” ಎಂದಳು ಮೆಲ್ಲಗೆ. “ಇವರೆಲ್ಲರ ಮುಂದೆ ನನ್ನ ಮಾನ ತೆಗೆಯಬೇಡಿ.”

ಅವಳ ಮಾನ!

ನಾನು ಸಂಜೆಯವರೆಗೂ ನಿಲ್ಲುತ್ತಿದ್ದೆ. ಆದರೆ ತೊಡೆಯ ಕೆಳಗೆ ಹೇಜಲಿನ ಮೈ ಅದುರುವುದು ತಿಳಿಯಿತು. ಬೆವರಿದ ಮೈ ಮಳೆಯಲ್ಲಿ ತಣ್ಣಗಾಗುತ್ತಿತ್ತು. ಮುದಿ ಕುದುರೆಯನ್ನು ಹಾಗೆ ನಿಲ್ಲಿಸಬಾರದು. ಅದು ಮಾತ್ರ, ನಾನು ನಡೆ ಎನ್ನುವವರೆಗೆ ಕಾಯುತ್ತಲೇ ಇರುತ್ತಿತ್ತು. ಇಳಿದೆ. ಲಗಾಮು ಹಿಡಿದು, ಯಾರ ಮುಖವನ್ನೂ ನೋಡದೆ ಹೊರಗೆ ನಡೆಸಿಕೊಂಡು ಬಂದೆ. ನಾನು ಮಣಿದದ್ದು ಹೇಜಲಿಗೆ, ಅವರಿಗಲ್ಲ.

ಬೆನ್ನ ಹಿಂದೆ ಕೊಳವೆ ಕೂಗಿತು. ಮೈದಾನ ಬಿಡಲು ತಡ ಮಾಡಿದ್ದಕ್ಕೆ ಮಿಸೆಸ್ ಪಾರ್ಲೋ ಅವರ ಹೇಜಲನ್ನು ಪಂದ್ಯದಿಂದ ಹೊರಗೆ ಹಾಕಲಾಗಿದೆ. ಆಗಲೂ ನನಗೆ ಹೆಸರಿರಲಿಲ್ಲ.

ಲಾಯ

ಹೇಜಲಿನ ಮೈಯನ್ನು ಒಣಹುಲ್ಲಿನಿಂದ ತಿಕ್ಕುತ್ತಿದ್ದೆ. ಚಿಕ್ಕೀರಯ್ಯ ಕಂಬಳಿ ಹಿಡಿದು ನಿಂತಿದ್ದ. ಮೇಜರು ಬಂದ. ಸಿಟ್ಟಿಳಿದು ನಗುಮುಖವಾಗಿತ್ತು, ಅದು ಇನ್ನೂ ಕೆಟ್ಟದಾಗಿತ್ತು. “ಆದದ್ದು ಆಯಿತು. ಒಳ್ಳೆಯ ಸವಾರಿ,” ಎಂದು ನನ್ನ ಅಂಗೈಗೆ ಒಂದು ಬೆಳ್ಳಿ ನಾಣ್ಯ ಒತ್ತಿದ.

ನನ್ನ ಕೈ ಏನು ಮಾಡುತ್ತಿತ್ತೋ ನಾನರಿಯೆ. ಅಷ್ಟರಲ್ಲಿ ಚಿಕ್ಕೀರಯ್ಯ ನಾಣ್ಯವನ್ನು ಕಿತ್ತುಕೊಂಡ. ತನ್ನ ಸೊಂಟದ ಚೀಲದಿಂದ ನಮ್ಮೂರ ಒಂದು ರೂಪಾಯಿ ತೆಗೆದು, ಎರಡನ್ನೂ ಸೇರಿಸಿ ಮೇಜರನ ಕೋಟಿನ ಜೇಬಿಗೆ ಇಳಿಬಿಟ್ಟು, ಜೇಬನ್ನು ಮೆಲ್ಲಗೆ ತಟ್ಟಿದ.

“ನಿನ್ ಕುದ್ರೆಗೆ ಒಸಿ ಹುಲ್ಲು ತಗೊಳಪ್ಪಾ. ಬಡಕಲಾಗೈತೆ.”

“ಏನು ಹೇಳುತ್ತಾನೆ?” ಎಂದ ಮೇಜರು. ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅವನು ಬಂದ ದಾರಿ ಹಿಡಿದ.

ಆಮೇಲೆ ತೀರ್ಪುಗಾರ ಬಂದ. ಮೊದಲು ಹೇಜಲಿನ ಕಾಲುಗಳನ್ನು ಮುಟ್ಟಿ ನೋಡಿ, ನನ್ನ ಕಡೆ ತಿರುಗಿದ. “ನಿಮ್ಮ ಪೇಟಕ್ಕಾಗಿ ನಾನು ಅಂಕ ಕಳೆಯಲಿಲ್ಲ. ಆದರೆ ನಿಮ್ಮ ಎಡಗೈ ಭಾರ. ಕುದುರೆ ಬಲಕ್ಕೆ ತಿರುಗುವಾಗಲೆಲ್ಲ ಅದಕ್ಕೆ ಅಡ್ಡ ಬರುತ್ತೀರಿ. ಸರಿಮಾಡಿಕೊಳ್ಳಿ, ರುದ್ರಲಿಂಗಯ್ಯನವರೆ.”

ಟೋಪಿ ಮುಟ್ಟಿ ಹೊರಟುಹೋದ. ಆ ಇಡೀ ದಿನದಲ್ಲಿ ನನ್ನನ್ನು ಸವಾರನೆಂದು ಕಂಡದ್ದು ನನ್ನ ತಪ್ಪು ಹೇಳಿದ ಈ ಮನುಷ್ಯನೊಬ್ಬನೇ.

ಕೊನೆಗೆ ಮಿಸೆಸ್ ಪಾರ್ಲೋ. ಲಾಯದ ಬಾಗಿಲಲ್ಲೇ ನಿಂತು ಹೇಳಿದಳು. ಪಂದ್ಯದಲ್ಲಿ ಕ್ಲಬ್ಬಿನ ಸದಸ್ಯರು ಮಾತ್ರ ಸವಾರಿ ಮಾಡಬೇಕು. ಕುದುರೆಯ ಒಡೆಯರಿಗೆ ಮೈ ಸರಿಯಿಲ್ಲದಿದ್ದರೆ ಅವರ ಮನೆಯ ಆಳು ಮಾಡಬಹುದು. ಅತಿಥಿ ಮಾಡುವಂತಿಲ್ಲ. ನನ್ನನ್ನು ಸದಸ್ಯನಾಗಿ ಸೇರಿಸಿಕೊಳ್ಳುವ ಮಾತಂತೂ ಎತ್ತುವಂತೆಯೇ ಇರಲಿಲ್ಲ.

“ನೀವು ಇಲ್ಲಿ ಸವಾರಿ ಮಾಡಲು ಇದ್ದ ದಾರಿ ಅದೊಂದೇ,” ಎಂದಳು.

“ನನಗೆ ಹೇಳಬಹುದಿತ್ತು.”

“ಹೇಳಿದ್ದರೆ ನೀವು ಒಪ್ಪುತ್ತಿರಲಿಲ್ಲ.”

“ಇಲ್ಲ. ಒಪ್ಪುತ್ತಿರಲಿಲ್ಲ.”

“ಹಾಗಾದರೆ ಹೇಜಲ್ ಇವತ್ತು ನಡೆದದ್ದನ್ನು ಯಾರೂ ನೋಡುತ್ತಿರಲಿಲ್ಲ,” ಎಂದಳು. ಅವಳಿಗೆ ಬೇಕಾದದ್ದು ಸಿಕ್ಕಿತ್ತು. ಅದು ಯಾರ ಹೆಗಲ ಮೇಲಿಂದ ಸಿಕ್ಕಿತೆಂಬುದು ಆ ಹೊತ್ತಿಗೂ ಅವಳಿಗೆ ಸಣ್ಣ ಸಂಗತಿ. ನಾನು ಮತ್ತೆ ಕುದುರೆ ತಿಕ್ಕತೊಡಗಿದೆ.

ಕೊನೆಯ ಬೆಳಗ್ಗೆ

ಆ ಊರಿನಲ್ಲಿ ಉಳಿದ ದಿನಗಳಲ್ಲೂ ನಾನು ಹೇಜಲಿನ ಬಳಿಗೆ ಹೋದೆ. ಚಿಕ್ಕೀರಯ್ಯ ರೇಗಿದ: “ನಿಂಗೆ ಮಾನ ಮರ್ಯಾದೆ ಐತೇನ್ಲಾ?” ಐತೆ ಕಣ್ಲಾ, ಎಂದೆ. ಎಡಗೈ ಸರಿಮಾಡಿಕೊಳ್ಳಬೇಕಿತ್ತು. ಮಿಸೆಸ್ ಪಾರ್ಲೋ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ನಾನು ಅವಳೊಡನೆ ಕುದುರೆಯ ವಿಷಯ ಬಿಟ್ಟು ಬೇರೆ ಮಾತು ಆಡಲಿಲ್ಲ.

ಹೊರಡುವ ದಿನ ಅವಳು ಎದ್ದು ಬಂದು, “ಮಿಸ್ಟರ್ ರಡ್ಡರ್, ನಿಮಗೆ ಹೇಗೆ ಕೃತಜ್ಞತೆ ಹೇಳಲಿ?” ಎಂದಳು. ರಡ್ಡರ್ ಎಂದರೆ ಹಡಗಿನ ಚುಕ್ಕಾಣಿ. ಅಷ್ಟು ತಿಂಗಳೂ ಅವಳು ನನ್ನನ್ನು ಕರೆದದ್ದು ಹಾಗೆಯೇ, ನಾನೂ ಸುಮ್ಮನಿದ್ದೆ.

“ನನ್ನ ಹೆಸರು ಹೇಳಿ,” ಎಂದೆ.

ಹೇಳಿದಳು. ತಪ್ಪಾಯಿತು. ಬಿಡಿಸಿ ಬಿಡಿಸಿ ಹೇಳಿಕೊಟ್ಟೆ. ಮತ್ತೆ ತಪ್ಪಾಯಿತು. ಅವಳಿಗೆ ನಾಚಿಕೆಯಾಗಿ ನಕ್ಕಳು; ನಾನು ನಗಲಿಲ್ಲ. ಹೇಜಲಿನ ಮೇಲೆ ಕೈಯಿಟ್ಟು ಕಾಯುತ್ತ ನಿಂತೆ. ಅವಳ ನಗು ನಿಂತಿತು. ಕೋಲಿನ ಮೇಲೆ ಎರಡೂ ಕೈ ಊರಿ, ನನ್ನ ತುಟಿ ನೋಡುತ್ತ, ಎಷ್ಟೋ ಸಲದ ಮೇಲೆ, “ರುದ್ರಲಿಂಗಯ್ಯ,” ಎಂದಳು. ಸರಿಯಾಗಿತ್ತು.

“ಇದನ್ನು ಕ್ಲಬ್ಬಿನಲ್ಲಿ ಹೇಳುತ್ತೀರಾ?”

ಅವಳು ಮತ್ತೆ ಕೋಲಿನ ತುದಿ ನೋಡುತ್ತ, “ಸಾರಿ,” ಎಂದಳು. ಹೇಳುತ್ತೇನೆ ಎನ್ನಲಿಲ್ಲ.

ಕ್ಲೋಸ್‌ಪೇಟೆ

ರೈಲು ಕ್ಲೋಸ್‌ಪೇಟೆ ತಲುಪಿದಾಗ ಸ್ಟೇಷನ್ನಿನಲ್ಲಿ ಕೂಟಗಲ್ಲಿನ ನೆಂಟರು, ಕನಕಪುರದ ನೂಲಿನ ವ್ಯಾಪಾರಿಗಳು ಎಲ್ಲರೂ ಸೇರಿದ್ದರು. ಹಾರ ಹಾಕಿದರು. ಚಿಕ್ಕೀರಯ್ಯ ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಶುರುಮಾಡಿಯೇಬಿಟ್ಟ: “ಇಂಗ್ಲೀಷ್‌ನೋರ ಕುದ್ರೆ ಪಂದ್ಯದಾಗೆ ನಮ್ಮೋನು ಗೆದ್ಬುಟ್ಟ ಕಣ್ರಪ್ಪಾ!”

ಜನ ಹೋ ಎಂದರು. ನಾನು ಅವನ ಪಂಚೆ ಹಿಡಿದು ಕೆಳಕ್ಕೆ ಎಳೆದೆ.

“ಗೆದ್ದಿಲ್ಲ. ಸುಳ್ಳು ಹೇಳ್ಬ್ಯಾಡ.”

“ಅಂದ್ರೆ ನಿನ್ ಗಂಟೇನ್ಲಾ ಹೋಯ್ತದೆ? ಜನ ಒಸಿ ಖುಷಿ ಪಡ್ತಾರೆ.”

“ಗೆದ್ದ ಅಂದ್ರೆ ಅವ್ರು ಮಾಡಿದ್ದೆಲ್ಲ ಸರಿ ಅಂದಂಗಾಯ್ತದೆ. ಹೊರಗೆ ಹಾಕುದ್ರು ಅನ್ನು. ಯಾಕೆ ಅಂತ್ಲೂ ಹೇಳು.”

ಅವನು ನನ್ನ ಮುಖ ನೋಡಿದ. ಮೀಸೆ ಒರೆಸಿಕೊಂಡ. ಮತ್ತೆ ಪೆಟ್ಟಿಗೆ ಹತ್ತಿದ. ಈ ಸಲ ದನಿ ಇನ್ನೂ ದೊಡ್ಡದಾಗಿತ್ತು.

“ತಡೀರ್ರಪ್ಪಾ, ತಡೀರಿ! ನಮ್ಮೋನ್ನ ಹೊರಗೆ ಹಾಕುದ್ರು! ಯಾಕೆ ಗೊತ್ತಾ?”